ಬಾಯ್ಲರಿನ ಹಿಂದಿನ ಗಟಾರ

ರಾಮದುರ್ಗದ ಹೊರಗೆ ನೂಲಿಗೆ ಬಣ್ಣ ಹಾಕುವ ಒಂದು ಕಾರ್ಖಾನೆಯಲ್ಲಿ ನಾನೂ ನನ್ನ ಅಕ್ಕನೂ ನೂಲನ್ನು ಕಂಡಿಕೆಗೆ ಸುತ್ತುತ್ತಿದ್ದೆವು. ಭಾವ ಅಲ್ಲೇ ಬಣ್ಣದ ತೊಟ್ಟಿಯ ಕೆಲಸದಲ್ಲಿದ್ದ.

ಬಾಯ್ಲರಿನ ತಳದಲ್ಲಿ ಕೂಡುವ ಕೆಸರು ಹೋಗಲೆಂದು ದಿನಾ ವಾಲ್ ತಿರುವಿ ಒಂದಿಷ್ಟು ನೀರು ಹೊರಗೆ ಬಿಡುತ್ತಿದ್ದರು. ಅದು ಒಲೆಯ ಮೇಲೆ ಕುದಿಯುವ ನೀರಿನಂಥದಲ್ಲ. ಒತ್ತಡದಲ್ಲಿ ಕಾದದ್ದು, ಕೊಳವೆಯಿಂದ ಹೊರಬಿದ್ದೊಡನೆ ಹಬೆಯಾಗಿ ಸಿಡಿಯುತ್ತಿತ್ತು. ಬೀಳುತ್ತಿದ್ದುದು ತೆರೆದ ಗಟಾರಕ್ಕೆ. ಹೆಂಗಸರ ಪಾಯಿಖಾನೆಗೆ ಹೋಗಬೇಕಾದರೆ ಆ ಗಟಾರವನ್ನೇ ದಾಟಬೇಕು. ವಾಲ್ ತಿರುವುವ ಮೊದಲು, ದಾಟುವವರು ದೂರ ನಿಲ್ಲಲೆಂದು, ಬಾಯ್ಲರಿನವನು "ಸರೀರೀ" ಎಂದು ಕೂಗುತ್ತಿದ್ದ.

ಹೊಸದಾಗಿ ಬಂದ ಮ್ಯಾನೇಜರನಿಗೆ ಆ ಕೂಗು ಸೇರಲಿಲ್ಲ. "ನೀ ಕೂಗಿದಿ ಅಂದ್ರ ಇವರೆಲ್ಲಾ ಕೆಲಸಾ ಬಿಟ್ಟು ನಿಲ್ಲತಾರ. ಸುಮ್ಮನ ನೀರ ಬಿಡು" ಎಂದ.

ಅಕ್ಕ ಕೇಳಿಯೇ ಕೇಳಿದಳು: "ಸಾಹೇಬ್ರ, ಗಟಾರದ ಮ್ಯಾಲ ಒಂದ ಹಾಸಗಲ್ಲರ ಹಾಕಸ್ರಿ."

"ಸೀರಿ ಎತ್ತಿ ಜಿಗದ ಹೋಗು. ರಾಣಿ ಏನ ನೀ?"

ಎಲ್ಲರೂ ನಕ್ಕರು. ಭಾವನೂ ನಕ್ಕ.

ಅದೇ ವಾರ ಅಕ್ಕ ಗಟಾರ ದಾಟುತ್ತಿದ್ದಾಗ ನೀರು ಬಂತು. ಬಿಳಿ ಹಬೆಯೊಳಗೆ ಅವಳು ಕಾಣಲಿಲ್ಲ, ಚೀರಿದ್ದು ಮಾತ್ರ ಕೇಳಿತು. ವಾಲ್ ಮುಚ್ಚಲು ಹೋದ ಬಾಯ್ಲರಿನವನನ್ನು ಮ್ಯಾನೇಜರ್ ತಡೆದ: "ಕೆಸರ ಪೂರ್ತಿ ಹೋಗ್ಲಿ. ಆಕಿನ್ನ ಈ ಕಡೆ ಎಳಕೊಳ್ರಿ."

ನಾನು ಅವಳನ್ನು ಎಳೆದುಕೊಂಡು ಅವಳ ಕಾಲನ್ನು ನಲ್ಲಿಯ ಕೆಳಗಿಟ್ಟೆ. ನೈಲಾನ್ ಲಂಗ ಚರ್ಮಕ್ಕೆ ಅಂಟಿತ್ತು. ಆಸ್ಪತ್ರೆಯಲ್ಲಿ ನರ್ಸ್ ಅದನ್ನು ಬಿಡಿಸುವಾಗ ಅಕ್ಕ ನನ್ನ ಮುಂಗೈ ಕಚ್ಚಿದಳು.

ವಿಚಾರಣೆಗೆಂದು ಕಾರ್ಖಾನೆಗೆ ಒಬ್ಬ ಅಧಿಕಾರಿ ಬಂದರು. ಬಾಯ್ಲರಿನವನು, "ಕೂಗಿದ್ನಿರಿ" ಎಂದ. ಜತೆಯ ಹೆಂಗಸರು ನೆಲ ನೋಡುತ್ತಾ ನಿಂತರು. "ಸುಳ್ಳರೀ. ಯಾರೂ ಕೂಗಿಲ್ಲ" ಎಂದವಳು ನಾನೊಬ್ಬಳೇ. ಅಧಿಕಾರಿ ಆಸ್ಪತ್ರೆಗೆ, ಅಕ್ಕನ ಹಾಸಿಗೆಯ ಬಳಿಗೆ ಹೋದರು, ನಾನೂ ಹಿಂದೆ ಹೋದೆ. ಭಾವ ತಲೆದೆಸೆಯಲ್ಲಿ ಕುಳಿತಿದ್ದ. ಅಕ್ಕ ಅವನ ಮುಖ ನೋಡಿದಳು.

"ಕೂಗಿದ್ರುರೀ. ನನಗ ಕೇಳಸ್ಲಿಲ್ಲ."

ಮರುದಿನ ನನ್ನನ್ನು ಕಾರ್ಖಾನೆಯ ಗೇಟಿನೊಳಗೆ ಬಿಡಲಿಲ್ಲ.

ಆಮೇಲೆ ಕಾರ್ಖಾನೆಯವರು ಹಬೆ ಮೇಲೆ ಹೋಗಲು ಕೊಳವೆಯಿಟ್ಟು, ಮುಚ್ಚಿದ ಒಂದು ಕುಣಿ ಕಟ್ಟಿಸಿದರು. ಈಗ ಆ ನೀರು ಅಲ್ಲಿ ತಣ್ಣೀರಿನೊಂದಿಗೆ ಬೆರೆತು, ಆರಿ, ಗಟಾರಕ್ಕೆ ಹೋಗುತ್ತದಂತೆ. ಕಟ್ಟಿದ್ದು ಕೆಲವೇ ದಿನಗಳ ಕೆಲಸ.

ಅಕ್ಕನ ಬಲಗಾಲಿನ ಬೆರಳುಗಳು ಕೂಡಿಕೊಂಡಿವೆ. ಚಪ್ಪಲಿ ಹಿಡಿಯುವುದಿಲ್ಲ. ಭಾವನ ಕೆಲಸ ಉಳಿದಿದೆ; ಅಕ್ಕನೇ ಕುಂಟುತ್ತಾ ಎದ್ದು ಅವನ ಬುತ್ತಿ ಕಟ್ಟುತ್ತಾಳೆ. ಒಮ್ಮೆ ಧೈರ್ಯ ಮಾಡಿ, ಅಂದು ಅಧಿಕಾರಿಯ ಮುಂದೆ ನೀನು ಹಾಗೇಕೆ ಹೇಳಿದೆ ಎಂದು ಕೇಳಿದೆ. ಅವಳು ರೊಟ್ಟಿ ತಟ್ಟುವುದನ್ನು ನಿಲ್ಲಿಸಲಿಲ್ಲ.

"ಸುಟ್ಟದ್ದು ನನ್ನ ಕಾಲು. ನಡುವ ಬಾಯಿ ಹಾಕಾಕ ನಿನಗ ಯಾರ ಹೇಳಿದ್ರು?"