ಉಪ್ಪು ಹಚ್ಚಿದ ಮಾಂಸ

ಭಾವಿಕೇರಿಯ ನನ್ನ ಚಿಕ್ಕಿ ಮೀನು ಮಾರುತ್ತಿದ್ದಳು. ಮನೆಯಲ್ಲಿ ನಾಲ್ಕು ಆಡುಗಳಿದ್ದವು. ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ಕಾರವಾರದಲ್ಲಿ ಬಿ.ಎಸ್ಸಿ. ಮುಗಿಸಿದ ನಾನು ಆ ಮೇ ತಿಂಗಳು ಅವಳ ಜೊತೆಗಿದ್ದೆ.

ಪಕ್ಕದ ಊರಿನಲ್ಲಿ ನೆರಡಿ ರೋಗ, ಅಂದರೆ ಆಂಥ್ರಾಕ್ಸ್, ಕಾಣಿಸಿಕೊಂಡಿದ್ದರಿಂದ ದನದ ಡಾಕ್ಟರು ಲಸಿಕೆ ಹಾಕಲು ಬಂದಿದ್ದರು. ಸೂಜಿ ಚುಚ್ಚಿದರೆ ಹಾಲು ಬತ್ತುತ್ತದೆಂದು ಚಿಕ್ಕಿ ಆಡುಗಳನ್ನು ದೋಣಿಯ ಮರೆಯಲ್ಲಿ ಕಟ್ಟಿ, ಮಾರಿಬಿಟ್ಟೆ ಎಂದಳು. ನಾನು ಸುಮ್ಮನಿದ್ದೆ.

ವಾರದ ನಂತರ ಒಂದು ಆಡು ನಿಂತಲ್ಲೇ ಸತ್ತಿತು. ಮೂಗಿನಿಂದ ಕಪ್ಪು ರಕ್ತ ಬಂತು, ಹೆಪ್ಪುಗಟ್ಟಲೇ ಇಲ್ಲ. ನೊಣ ಮುತ್ತಿತು. ಚಿಕ್ಕಿ ಮೀನು ಕೊಯ್ಯುವ ಕತ್ತಿ ತಂದಳು.

"ಇದು ಬೇಡ ಚಿಕ್ಕಿ, ಹೂಳುವ."

"ಬುಕ್ ಓದಿ ನಿನ್ ಮೂಗು ಉದ್ದ ಆಯ್ತು. ಉಪ್ಪು ಹಚ್ಚಿ ಒಣಗ್ಸಿದ್ರೆ ಮಳೆಗಾಲಕ್ಕೆ ಆತದೆ. ಕಾಲ್ ಹಿಡಿ."

ಹಿಡಿದೆ. ಆ ನೀರಾದ ರಕ್ತ ನನ್ನ ಮೊಣಕೈವರೆಗೆ ಇಳಿಯಿತು. ಆದರೂ ಕೈ ಬಿಡಲಿಲ್ಲ. ಸಿಗಡಿ ಒಣಗಿಸುವ ಚಾಪೆಯ ಮೇಲೆ ತುಂಡುಗಳನ್ನು ಹರವಿ, ಒಂದು ಪಾಲನ್ನು ಅವಳು ಪಕ್ಕದ ಮನೆಗೂ ಕೊಟ್ಟಳು.

ಮೂರನೇ ದಿನ ಚಿಕ್ಕಿಯ ಬೆರಳಿನಲ್ಲಿ ಗುಳ್ಳೆ ಎದ್ದಿತು. ನೋವಿರಲಿಲ್ಲ. ಮರುದಿನ ಅದರ ನಡುವೆ ಇದ್ದಲಿನಂಥ ಕಪ್ಪು ಹಕ್ಕಳೆ. ಕೈ ಮೊಣಕೈವರೆಗೆ ಬಾತಿತ್ತು. ಕಾಲೇಜಿನ ಪುಸ್ತಕದಲ್ಲಿ ನೋಡಿದ್ದ ನೆರಡಿ ಹುಣ್ಣಿನ ಚಿತ್ರವೇ ಅದು. ಅಂಕೋಲೆಯ ಆಸ್ಪತ್ರೆಗೆ ಸೇರಿಸಿದೆ. ಬದುಕುತ್ತಾಳೋ ಇಲ್ಲವೋ ಎಂದು ಯಾರೂ ಹೇಳಲಿಲ್ಲ. ನಾನು ಗಂಟೆಗೊಮ್ಮೆ ನನ್ನ ಕೈ ತಿರುಗಿಸಿ ನೋಡಿಕೊಳ್ಳುತ್ತಿದ್ದೆ.

ದನದ ಡಾಕ್ಟರು ಮತ್ತೆ ಬಂದರು. ಚಾಪೆ ಸಮೇತ ಮಾಂಸವನ್ನು ಸುಡಿಸಿದರು. ಆ ವಾಸನೆಗೆ ನಾನು ಬಾವಿಕಟ್ಟೆಯ ಬಳಿ ವಾಂತಿ ಮಾಡಿಕೊಂಡೆ. ಉಳಿದ ಮೂರು ಆಡುಗಳ ಜ್ವರ ನೋಡಿ ಲಸಿಕೆ ಹಾಕಿದರು, ನಾನೇ ಹಿಡಿದುಕೊಂಡೆ. ಕೇರಿಯವರೂ ತಮ್ಮ ಆಡುಗಳನ್ನು ಎಳೆದುಕೊಂಡು ಬಂದರು. ಪಕ್ಕದ ಮನೆಯಾಕೆ ನನ್ನ ಕಿವಿಯ ಹತ್ತಿರ ಬಂದು, "ನಾವ್ ತಿಂದದ್ದು ಹೇಳ್ಬೇಡ ಮಗಾ. ಮಗಳ ಸಂಬಂಧ ನೋಡೂಕೆ ನಾಳೆ ಜನ ಬತ್ತಾರೆ" ಎಂದಳು.

ಆಡುಗಳನ್ನು ದೋಣಿಯ ಮರೆಯಲ್ಲಿ ಕಟ್ಟಿದ ದಿನ ಬಾಯಿ ಮುಚ್ಚಿದ್ದವಳು ನಾನೇ. ಎಲ್ಲರೆದುರೇ ಡಾಕ್ಟರಿಗೆ ಹೇಳಿದೆ: "ಇವರ ಮನೆಯಲ್ಲಿ ಐವರೂ ತಿಂದಿದ್ದಾರೆ."

ಐವರಿಗೂ ಆಸ್ಪತ್ರೆಯಲ್ಲಿ ಔಷಧಿ ಕೊಟ್ಟರು. ಯಾರಿಗೂ ಏನೂ ಆಗಲಿಲ್ಲ. ಚಿಕ್ಕಿಯೂ ಉಳಿದಳು. ಹುಡುಗಿ ನೋಡಲು ಬರಬೇಕಿದ್ದವರು ಬರಲಿಲ್ಲ. ಪಕ್ಕದ ಮನೆಯಾಕೆ ಇಂದಿಗೂ ನನ್ನ ಕಂಡರೆ ಮುಖ ತಿರುಗಿಸುತ್ತಾಳೆ.