ಚಿಕ್ಕಮ್ಮ ಕೆರೆಗೆ ಇಳಿದ ಭಾನುವಾರ

ಕನಕಪುರದಲ್ಲಿ ನಮ್ಮ ಬಡಾವಣೆಯ ಹಿಂದೆ ಒಂದು ಕೆರೆಯಿತ್ತು. ಹಳ್ಳ ಬಂದು ಸೇರುವ ಕಡೆ ವರ್ಷವರ್ಷವೂ ಮರಳು ಕೂತು, ಒಂದು ಮದುವೆ ಚಪ್ಪರ ಹಾಕುವಷ್ಟು ಅಗಲದ ದಂಡೆಯಾಗಿತ್ತು. ಬೇಸಿಗೆಯಲ್ಲಿ ಅಲ್ಲಿ ನೀರು ದೊಡ್ಡವರ ಮೊಣಕಾಲು ದಾಟುತ್ತಿರಲಿಲ್ಲ. ಸಮುದ್ರವನ್ನು ಕ್ಯಾಲೆಂಡರಿನಲ್ಲಿ ಬಿಟ್ಟರೆ ಬೇರೆಲ್ಲೂ ನೋಡದ ನಮ್ಮ ಬೀದಿಯವರು ಅದನ್ನು ‘ಬೀಚು’ ಎಂದು ಕರೆಯುತ್ತಿದ್ದರು, ಅದೂ ಜಂಬದಿಂದ. ಭಾನುವಾರ ಬಿಸಿಲು ಇಳಿಯುವ ಹೊತ್ತಿಗೆ ಚುರುಮುರಿ ಗಾಡಿ ಬರುತ್ತಿತ್ತು. ಲಾರಿ ಟ್ಯೂಬಿನ ಮೇಲೆ ಮಕ್ಕಳು ತೇಲುತ್ತಿದ್ದರು, ಹೆಂಗಸರು ಸೀರೆ ಎತ್ತಿ ಸಿಕ್ಕಿಸಿಕೊಂಡು ಕಾಲು ನೆನೆಸುತ್ತಿದ್ದರು. ಅಷ್ಟು ನೀರಿಗೆ ಅಷ್ಟೊಂದು ಸಂಭ್ರಮವೇ ಎಂದು ಯಾರಾದರೂ ನಕ್ಕರೆ ನನಗೆ ಈಗಲೂ ಸಿಟ್ಟು ಬರುತ್ತದೆ. ವಾರವೆಲ್ಲ ನಲ್ಲಿ ಮುಂದೆ ಕೊಡ ಸಾಲಿಟ್ಟು ಜಗಳವಾಡಿದವರಿಗೆ ಯಾರೂ ಸರದಿ ಕೇಳದ ನೀರು ಸಿಕ್ಕರೆ ಇನ್ನೇನಾಗಬೇಕು?

ನಮ್ಮ ಮನೆಯಿಂದ ಅಜ್ಜಿ, ಅಮ್ಮ, ನಾನು, ನನ್ನ ಪುಟ್ಟ ತಮ್ಮ, ಚಿಕ್ಕಪ್ಪ, ಚಿಕ್ಕಮ್ಮ ಹೋಗುತ್ತಿದ್ದೆವು. ಚಿಕ್ಕಮ್ಮನ ತವರು ಕಬ್ಬಾಳು. ಅವಳಿಗೆ ಮಕ್ಕಳಿರಲಿಲ್ಲ, ನಾನೂ ತಮ್ಮನೂ ಅವಳ ಸೆರಗು ಬಿಡುತ್ತಿರಲಿಲ್ಲ. ಆದರೆ ಅವಳು ಒಂದು ದಿನವೂ ಕೆರೆಗೆ ಇಳಿದವಳಲ್ಲ. ಬುತ್ತಿಯ ಪಕ್ಕ ಒಣ ಮರಳಲ್ಲಿ ಕೂತುಬಿಡುತ್ತಿದ್ದಳು. ಬೆಟ್ಟದ ಬುಡದವಳಿಗೆ ನೀರು ಕಂಡರೆ ಚಳಿಜ್ವರ ಎಂದು ಚಿಕ್ಕಪ್ಪ ರೇಗಿಸುತ್ತಿದ್ದ. ಅವಳು ನಕ್ಕು ಬುತ್ತಿಯ ಗಂಟು ಬಿಚ್ಚುತ್ತಿದ್ದಳು. ನಾನು ಹುಟ್ಟು ಮುಂಗೋಪಿ. ಕೈ ಹಿಡಿದು ಎಳೆಯುತ್ತಿದ್ದೆ, ಬರದಿದ್ದರೆ ಮನೆ ಸೇರುವವರೆಗೂ ಮಾತು ಬಿಡುತ್ತಿದ್ದೆ. ಇಷ್ಟು ಒಳ್ಳೆಯವಳು ಇಷ್ಟು ಪುಕ್ಕಲು ಯಾಕೆ ಎಂದು ನನಗೆ ತಡೆಯಲಾಗುತ್ತಿರಲಿಲ್ಲ.

ಒಂದು ಭಾನುವಾರ ತಮ್ಮ ಯಾರದೋ ಟ್ಯೂಬು ಹಿಡಿಯಲು ಹೋಗಿ ಜಾರಿ ನೀರಲ್ಲಿ ಕೂತುಬಿಟ್ಟ. ನೀರು ಅವನ ಗದ್ದಕ್ಕೆ ಬಂತು. ಎಲ್ಲರಿಗಿಂತ ಹತ್ತಿರ ಇದ್ದವಳು ಚಿಕ್ಕಮ್ಮ. ಎದ್ದು ಓಡಿದಳು, ನೀರಿನ ಅಂಚಿಗೆ ಬಂದವಳು ಗಕ್ಕನೆ ನಿಂತಳು. ಎರಡೂ ಕೈ ಚಾಚಿದ್ದಳು, ಕಾಲು ಮಾತ್ರ ಮುಂದೆ ಹೋಗಲಿಲ್ಲ. ಅಲ್ಲಿಂದಲೇ ಅಮ್ಮನನ್ನು ಕೂಗಿದಳು. ಅಮ್ಮ ಬಂದು ಎತ್ತಿಕೊಂಡಾಗ ತಮ್ಮ ನಗುತ್ತಿದ್ದ, ಅವನಿಗೆ ಏನೂ ಆಗಿರಲಿಲ್ಲ.

ಅಜ್ಜಿ ಮಾತ್ರ ಸುಮ್ಮನಿರಲಿಲ್ಲ. ಮಗು ಬಿದ್ದಿರುವಾಗ ಸೀರೆ ನೆನೆಯುತ್ತದೆ ಎಂದು ನಿಲ್ಲುವುದುಂಟೇ ಎಂದು ನಾಲ್ಕು ಜನರ ಎದುರೇ ಬೈದಳು. ಚಿಕ್ಕಮ್ಮ ನೀರಂಚಿನಿಂದ ಒಂದು ಹೆಜ್ಜೆ ಹಿಂದೆ ಸರಿದಳು.

“ನಂಗೆ ಗಂಗೆ ಪೂಜೆ ಆಗಿಲ್ಲ ಕಣತ್ತೆ. ನಾನು ಇಳ್ದು ಮಗೀಗೆ ಏನಾರ ಆಗ್ಬುಟ್ರೆ?”

ಹೆತ್ತವಳು ಬಾಣಂತನದಲ್ಲಿ ಬಾವಿ, ಕೆರೆ, ಹೊಳೆ ಮುಟ್ಟುವಂತಿಲ್ಲ. ಗಂಗೆಗೆ ಪೂಜೆ ಮಾಡಿ, ಒಂದು ಚೊಂಬು ನೀರು ಮೊಗೆದು ಮನೆಗೆ ತಂದಮೇಲೆಯೇ ಮುಟ್ಟಬೇಕು. ನಮ್ಮ ಬೀದಿಯ ಬಾಣಂತಿಯರಿಗೆಲ್ಲ ಅದನ್ನು ಮಾಡಿಸುತ್ತಿದ್ದವಳೇ ನಮ್ಮಜ್ಜಿ. ಚಿಕ್ಕಮ್ಮನೂ ಹೆತ್ತಿದ್ದಳು ಎಂಬುದು ನನಗೆ ತಿಳಿದದ್ದು ಆಗಲೇ. ನಾನು ತೊಟ್ಟಿಲಲ್ಲಿದ್ದ ಕಾಲಕ್ಕೆ ತವರಿನಲ್ಲಿ ಹೆತ್ತಳು, ಮಗುವಿಗೆ ಹೆಸರಿಡುವ ಮೊದಲೇ ಅದು ಹೋಯಿತು, ಅವಳನ್ನು ಗಂಡನ ಮನೆಗೆ ಕಳಿಸಿದರು. ಮಡಿಲಲ್ಲಿ ಮಗುವಿಲ್ಲದೆ ಪೂಜೆ ಹೇಗೆ, ಏನಿದ್ದರೂ ಗಂಡನ ಮನೆಯವರು ನೋಡಿಕೊಳ್ಳಲಿ ಎಂದು ಅವಳ ತಾಯಿ ಬಿಟ್ಟಿದ್ದಳು. ಮಗಳಿಗೆ ಅಷ್ಟು ಮಾಡಿಸದೆ ಕಳಿಸುತ್ತಾರೆಯೇ ಎಂದು ಅಜ್ಜಿ ತಿಳಿದಿದ್ದಳು. ಕೇಳಿದರೆ ಗಾಯ ಕೆದಕಿದಂತಾಗುತ್ತದೆಂದು ಬೀಗಿತ್ತಿಯರಿಬ್ಬರೂ ಒಬ್ಬರನ್ನೊಬ್ಬರು ಕೇಳಲಿಲ್ಲ. ಮನೆಯಲ್ಲಿ ನಲ್ಲಿ ನೀರು, ಬಾವಿಗೆ ಹೋಗುವ ಪ್ರಸಂಗವೇ ಇಲ್ಲ, ಯಾರಿಗೂ ಗೊತ್ತಾಗಲಿಲ್ಲ.

ನೀನಾದರೂ ಬಾಯಿ ಬಿಡಬಾರದಿತ್ತೇ ಎಂದು ಅಜ್ಜಿ ಕೇಳಿದಳು. ಬೈಗುಳದ ದನಿ ಎತ್ತ ಹೋಗಿತ್ತೋ.

“ಹೆಂಗ್ ಕೇಳಾನ ಅತ್ತೆ? ನೀವ್ಯಾರೂ ಮಾಡ್ನಿಲ್ಲ. ನಾನು ಹೆತ್ತಿದ್ದು ಲೆಕ್ಕಕ್ಕಿಲ್ವೇನೋ ಅಂದ್ಕಂಡೆ.”

ಆ ಮಾತು ಕೇಳಿ ಅಮ್ಮ ಅತ್ತಳು. ನನಗೂ ಅಳು ಬಂತು. ಪೂರ್ತಿ ಅರ್ಥವಾಗಿತ್ತೆಂದು ಹೇಳಲಾರೆ, ಆದರೆ ಚಿಕ್ಕಮ್ಮನಿಗೆ ಅನ್ಯಾಯವಾಗಿದೆ ಎನ್ನುವಷ್ಟು ತಿಳಿಯಿತು. ರೇಗಿಸುತ್ತಿದ್ದ ಚಿಕ್ಕಪ್ಪ ಚುರುಮುರಿ ಗಾಡಿಯ ಆಚೆ ಹೋಗಿ ಟವೆಲಿನಲ್ಲಿ ಮುಖ ಒರೆಸಿಕೊಳ್ಳುತ್ತ ನಿಂತ.

ಅಜ್ಜಿ ಸೊಂಟದಿಂದ ಎಲೆಯಡಿಕೆ ಚೀಲ ಬಿಚ್ಚಿದಳು. ಒಳ್ಳೆಯ ದಿನ ನೋಡಿ ಸಾಮಾನು ತಂದು ಪೂಜೆ ಮಾಡಿಸಬಹುದಲ್ಲ ಎಂದು ಅಮ್ಮ ಅಂದದ್ದಕ್ಕೆ ಕಿವಿಯನ್ನೇ ಕೊಡಲಿಲ್ಲ. ಎಲೆ, ಅಡಿಕೆ, ಕುಂಕುಮದ ಭರಣಿ ಚೀಲದಲ್ಲೇ ಇದ್ದವು. ಹೂವು ಅಮ್ಮನ ಜಡೆಯಿಂದ ಬಂತು, ಬಾಳೆಹಣ್ಣು ಬುತ್ತಿಯಿಂದ. ಅರಿಶಿನ ಎಲ್ಲಿ ಎಂದು ನಾನು ಕೇಳಿದೆ. ಚಿತ್ರಾನ್ನಕ್ಕೆ ಹಾಕಿಲ್ಲವೇ, ಅದೇ ಸಾಕು ಎಂದು ಅಜ್ಜಿ ಒಂದು ಹಿಡಿ ತೆಗೆದು ಎಲೆಯ ಮೇಲಿಟ್ಟಳು. ಮಡಿ ಮೈಲಿಗೆ ಎಂದು ಮನೆಯಲ್ಲಿ ನಮ್ಮ ಪ್ರಾಣ ತಿನ್ನುತ್ತಿದ್ದ ಅಜ್ಜಿ ಇವಳೇ. ಮಕ್ಕಳಿಗೆ ಹಂಚಲು ಬೇಕಾದ ಗುಗ್ಗರಿಯ ಬದಲು ಚುರುಮುರಿ ತಂದದ್ದಾಯಿತು.

ನೀರಂಚಿನ ಒಂದು ಕಲ್ಲಿಗೆ ಚಿಕ್ಕಮ್ಮ ಕುಂಕುಮವಿಟ್ಟಳು, ಹೂವು ಏರಿಸಿದಳು. ಅಜ್ಜಿ ಅವಳ ರಟ್ಟೆ ಹಿಡಿದು, “ಇಳಿ ಮಗ, ನಾನಿವ್ನಿ” ಅಂದಳು. ಇಬ್ಬರೂ ಒಟ್ಟಿಗೆ ಇಳಿದರು. ಮೊಣಕಾಲುದ್ದದ ನೀರಲ್ಲಿ ನಿಂತು ಚಿಕ್ಕಮ್ಮ ಸ್ಟೀಲ್ ಚೊಂಬು ತುಂಬಿಕೊಂಡಳು.

ಅಷ್ಟರಲ್ಲಿ ಪಕ್ಕದಲ್ಲಿ ಮಕ್ಕಳನ್ನು ಆಡಿಸುತ್ತಿದ್ದ ಒಬ್ಬ ಹೆಂಗಸು ಕುಂಕುಮ ತೆಗೆದುಕೊಳ್ಳಲು ಬಂದಳು. ಗುರುತು ಪರಿಚಯ ಇಲ್ಲದವಳು. ಗಂಗೆ ಪೂಜೆ ಎಂದು ನೋಡಿದರೇ ಗೊತ್ತಾಗುತ್ತಿತ್ತು. ಎಲ್ಲರೂ ಕೇಳುವುದನ್ನೇ ಕೇಳಿದಳು, ಮಗು ಗಂಡೋ ಹೆಣ್ಣೋ ಎಂದು. ಅಮ್ಮ ಮಾತು ಮರೆಸಲು ಬಾಯಿ ತೆರೆದಳು.

“ಹೆಣ್ಣು ಕಣಕ್ಕ,” ಚಿಕ್ಕಮ್ಮನೇ ಹೇಳಿದಳು. “ಉಳೀನಿಲ್ಲ. ತಲೆ ತುಂಬ ಕೂದ್ಲಿತ್ತು.”

ಆ ಹೆಂಗಸು ಭರಣಿಯಿಂದ ಒಂದು ಚಿಟಿಕೆ ಕುಂಕುಮ ತೆಗೆದು ಮೊದಲು ಚಿಕ್ಕಮ್ಮನ ಹಣೆಗೆ ಇಟ್ಟಳು. ಆಮೇಲೆ, ಬಣ್ಣ ಯಾರ ಹಾಗಿತ್ತು ಎಂದು ಕೇಳಿದಳು. ನಮ್ಮ ಮನೆಯಲ್ಲಿ ಇಷ್ಟು ವರ್ಷ ಒಬ್ಬರೂ ಕೇಳಿರಲಿಲ್ಲ. ಚಿಕ್ಕಮ್ಮ ಒದ್ದೆ ಸೀರೆಯಲ್ಲೇ ಅವಳ ಪಕ್ಕ ಕೂತು ಮಗಳ ವಿಷಯ ಹೇಳತೊಡಗಿದಳು, ಮನೆಗೆ ಹೊರಡೋಣ ಎಂದು ಕರೆಯಲು ನಮಗ್ಯಾರಿಗೂ ಬಾಯಿ ಬರಲಿಲ್ಲ.