ಹಿಂದಿನ ಸೀಟಿನ ಬಿಲ್ಲುಗಾರ್ತಿ
ಮನಿಲಾದ ಟ್ರಾಫಿಕ್ಕಿನಲ್ಲಿ ಕಾರು ನಿಂತಿತೆಂದರೆ ಊರೆಲ್ಲ ಶಪಿಸುತ್ತದೆ. ಹಿಂದಿನ ಸೀಟಿನ ಲೋಲಾ ಪುರಿಂಗ್ (ಅಲ್ಲಿ ಲೋಲಾ ಎಂದರೆ ಅಜ್ಜಿ) ಮಾತ್ರ ವಿಡಿಯೋ ಆಟದ ಕನ್ನಡಕ ಏರಿಸಿ ಯುದ್ಧಕ್ಕಿಳಿಯುತ್ತಾರೆ. ಅದರೊಳಗೆ ಮುಂದಿನ ಬಸ್ಸು ಮೊಸಳೆ, ಪಕ್ಕದಲ್ಲಿ ಜನ ತುಂಬಿಕೊಂಡು ಹೋಗುವ ಬಾಡಿಗೆ ಜೀಪು, ಜೀಪ್ನಿ, ಬೆಂಕಿಯುಗುಳುವ ಹಕ್ಕಿ. ಕೈ ಬೀಸಿದರೆ ಬಾಣ ಹಾರುತ್ತದೆ. “ಲೇ ರೋಮೆಲ್, ಆ ಮೊಸಳೆ ಬಾಲ ಬಿಡ್ಬೇಡ್ವೋ!” ಎಂದು ಕಾರು ಓಡಿಸುವ ಮಗನಿಗೆ ಅಪ್ಪಣೆ. “ಅಮ್ಮಾ, ಸಿಗ್ನಲ್ ಕೆಂಪಿದೆ!” “ಹೇಡಿ! ಥೇಟ್ ನಿಮ್ಮಪ್ಪ.” ಬೇಯಿಸಿದ ಕಡಲೆಕಾಯಿ ತಿನ್ನುವುದೂ ಎಡಗೈಯಲ್ಲೇ, ಬಲಗೈ ಬಾಣಕ್ಕೆ ಮೀಸಲು. ಆದರೆ ಚರ್ಚು ಕಂಡರೆ ಸಾಕು, ಆ ಬಲಗೈ ಹಣೆಗೇರಿ ಎದೆಯ ಮೇಲೆ ಶಿಲುಬೆ ಬರೆಯುತ್ತದೆ. ಕೈ ಹಣೆಗೆ ಹೋದರೆ ಶರಣಾದಂತೆ ಎಂಬುದು ಆಟದ ಲೆಕ್ಕ, ಗಳಿಸಿದ್ದೆಲ್ಲ ಸೊನ್ನೆ. ಮನಿಲಾದಲ್ಲೋ ತಿರುವಿಗೊಂದು ಚರ್ಚು. “ಒಂದೇ ಒಂದ್ಸಲ ಕೈ ಎತ್ಬೇಡಿ ಲೋಲಾ, ಗೆದ್ಬಿಡ್ತೀರಿ,” ಎಂದು ಜೊತೆಗೆ ಆಡುವ ಮೊಮ್ಮಗಳು ಟ್ರಿಕ್ಸಿಯೇ ಮರುಗುತ್ತಾಳೆ. “ಸೋತು ಅಭ್ಯಾಸ ಇದೆ ಬಿಡೇ.” ಮೊನ್ನೆ ಭಾನುವಾರ ಟ್ರಿಕ್ಸಿ ಇನ್ನೊಂದು ಬಾಣ ಬಿಟ್ಟಿದ್ದರೆ ಇಡೀ ಬೀದಿಯ ಮಕ್ಕಳ ದಾಖಲೆ ಮುರಿಯುತ್ತಿತ್ತು, ಅಷ್ಟರಲ್ಲಿ ಚರ್ಚು ಬಂತು, ಅವಳ ಕೈ ತನ್ನಷ್ಟಕ್ಕೆ ಹಣೆಗೇರಿತು. ಮೊಸಳೆ ನುಂಗಿತು. ಹುಡುಗಿ ಅಳುಮೋರೆ ಮಾಡಿದಳು. ಲೋಲಾ ಕನ್ನಡಕ ತೆಗೆದು, ಕಿಟಕಿ ಇಳಿಸಿ, ಜೀಪ್ನಿಯಲ್ಲಿ ಕಿಕ್ಕಿರಿದಿದ್ದ ಅಪರಿಚಿತರಿಗೆಲ್ಲ ಕೂಗಿ ಹೇಳಿದರು: “ನೋಡ್ರಪ್ಪಾ, ಇವಳು ನನ್ನ ಮೊಮ್ಮಗಳು!”